ಸತ್ತ ಮಂಗ ಹೇಳಿದ ಸುದ್ದಿ: ಗೂಢಚಾರರಿಂದ ಕಲಿಯಬೇಕಾದ್ದು ಕ್ಯಾಸನೂರಿನಲ್ಲೇ ಇದೆ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು, ಅಡಿಕೆ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಸೊರಬ ತಾಲ್ಲೂಕಿನ ಒಂದು ಊರಿನ ಚಹಾ ಅಂಗಡಿ ಮುಂದೆ ಬೈಕ್ ನಿಲ್ಲಿಸಿದ್ದೆ. ದನ ಕಾಯುವ ಅಜ್ಜ ಒಬ್ಬರು ಹತ್ತಿರ ಬಂದು, "ತಮ್ಮಾ, ನೀ ಪೇಪರ್‌ನೋನಲ್ಲೇನು? ಕೆರೆ ಮ್ಯಾಲಿನ ಕಾಡಾಗೆ ಎರಡು ಮಂಗ ಸತ್ತು ಬಿದ್ದಾವು ನೋಡು" ಅಂದರು.

"ಫೋಟೋ ಐತೇನಜ್ಜಾ?" ಎಂದು ಕೇಳಿದೆ.

"ನಂದು ಬಟನ್ ಫೋನು. ಫೋಟೋ ಎಲ್ಲಿಂದ ತರ್ಲಿ?"

ನನಗೆ ಅವತ್ತು ಒಂದು ರಾಜಕೀಯ ಸಭೆ ಇತ್ತು. ಆಯ್ತು ನೋಡೋಣ ಎಂದು ಬೈಕ್ ಹತ್ತಿದೆ. ಯಾರಿಗೂ ಫೋನ್ ಮಾಡಲಿಲ್ಲ. ಎರಡು ವಾರ ಕಳೆಯುವುದರೊಳಗೆ ಅದೇ ಕೇರಿಯ ಹೆಣ್ಣುಮಗಳೊಬ್ಬರು ಜ್ವರ ಬಂದು ಆಸ್ಪತ್ರೆ ಸೇರಿದರು. ದರಗು ಗುಡಿಸಲು ಅದೇ ಕಾಡಿಗೆ ಹೋಗಿದ್ದರು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು. ಪುಣ್ಯಕ್ಕೆ ಬದುಕಿದರು. ಮತ್ತೆ ಸಿಕ್ಕಾಗ ಅಜ್ಜ ನನ್ನನ್ನು ಬೈಯಲಿಲ್ಲ. "ಹೇಳಿದ್ನಲ್ಲ ತಮ್ಮಾ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಚೆಗೆ ಫೋನಿನಲ್ಲಿ "ಗೂಢಚಾರರ ಯಶಸ್ಸಿನ ಗುಟ್ಟು" ಎನ್ನುವಂಥ ವಿಡಿಯೋಗಳು ಬಹಳ ಬರುತ್ತಿವೆ. ಎದುರಿನವರ ಮುಖ ಓದುವುದು ಹೇಗೆ, ಸುಳ್ಳು ಹಿಡಿಯುವುದು ಹೇಗೆ, ಯಾರಿಗೂ ತಿಳಿಯದಂತೆ ಕೆಲಸ ಸಾಧಿಸುವುದು ಹೇಗೆ ಎಂದು ಹೇಳುತ್ತಾರೆ. ನೋಡಲು ಮಜವಾಗಿಯೇ ಇರುತ್ತವೆ. ಆದರೆ ಬೇಹುಗಾರಿಕೆಯ ನಿಜವಾದ ಕಸುಬು ಅದಲ್ಲ. ಚೂರುಚೂರಾಗಿ ಬರುವ ಸುದ್ದಿಯನ್ನು ಕೂಡಿಸಿ, ತೂಗಿ, ಸುಳ್ಳಾದದ್ದನ್ನು ಬಿಟ್ಟು, ಹೊತ್ತು ಮೀರುವ ಮೊದಲು ಸರಿಯಾದ ತೀರ್ಮಾನಕ್ಕೆ ಬರುವುದೇ ಆ ಕಸುಬು. ಅದಕ್ಕೆ ಒಳ್ಳೆಯ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಹೆಸರಿರುವ ನಮ್ಮ ಕ್ಯಾಸನೂರು ಇದೆ.

1957: ಕಾಡಿನಿಂದ ಬಂದ ಮೊದಲ ವರದಿ

1957ರ ಬೇಸಿಗೆ ಶುರುವಾಗುವ ಹೊತ್ತು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸಿಯಗಳು ಸಾಲುಸಾಲಾಗಿ ಸತ್ತು ಬೀಳತೊಡಗಿದವು. ಅದೇ ಸಮಯಕ್ಕೆ ಸುತ್ತಲಿನ ಹಳ್ಳಿಗಳ ಜನಕ್ಕೂ ಜ್ವರ. ಇದ್ದಕ್ಕಿದ್ದಂತೆ ಮೈ ಕೆಂಡವಾಗುವುದು, ತಲೆ ಸಿಡಿಯುವುದು, ಸೊಂಟ-ಕಾಲು ಹಿಡಿದುಕೊಳ್ಳುವುದು, ಕೆಲವರಿಗೆ ಮೂಗು-ಬಾಯಿಂದ ರಕ್ತ. ಕೆಲವರು ಏಳಲೇ ಇಲ್ಲ.

ಸುದ್ದಿ ಮಾರ್ಚ್ ತಿಂಗಳಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಈಗ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. ಆಗಿನ ನಿರ್ದೇಶಕ ಟೆಲ್ಫರ್ಡ್ ವರ್ಕ್, ಜೊತೆಗೆ ಹೆರಾಲ್ಡ್ ಟ್ರಾಪಿಡೊ, ಇನ್ನೂ ಹಲವು ಭಾರತೀಯ ವಿಜ್ಞಾನಿಗಳು ಇಲ್ಲಿಗೆ ಬಂದರು.

ಅವರು ಬರುವ ಮೊದಲೇ ನಮ್ಮ ಜನ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿದ್ದರು. ಮಂಗ ಸಾಯುವುದಕ್ಕೂ ಮನುಷ್ಯರಿಗೆ ಜ್ವರ ಬರುವುದಕ್ಕೂ ಸಂಬಂಧ ಇದೆ ಎಂದು ಗುರುತಿಸಿದ್ದರು. "ಮಂಗನ ಕಾಯಿಲೆ" ಎಂಬ ಹೆಸರೇ ಒಂದು ವರದಿ. ಪ್ರಯೋಗಾಲಯ ಇಲ್ಲ, ಸೂಕ್ಷ್ಮದರ್ಶಕ ಇಲ್ಲ, ಸೌದೆಗೆ, ಸೊಪ್ಪಿಗೆ, ದನ ಕಾಯಲು ಕಾಡಿಗೆ ಹೋಗುವವರು ಕಣ್ಣಲ್ಲಿ ಕಂಡು ಕೊಟ್ಟ ವರದಿ.

ಆ ವರದಿ ಅರ್ಧ ಸರಿ, ಅರ್ಧ ತಪ್ಪು. ಮಂಗ ಸತ್ತ ಕಡೆ ಜನಕ್ಕೆ ಜ್ವರ ಬರುತ್ತದೆ, ಇದು ಕಂಡದ್ದು. ಇದು ನೂರಕ್ಕೆ ನೂರು ಸರಿ. ಜ್ವರ ಕೊಡುವುದು ಮಂಗವೇ, ಇದು ಊಹಿಸಿದ್ದು. ಇದು ತಪ್ಪು. ಮಂಗವೂ ನಮ್ಮ ಹಾಗೆಯೇ ಕಾಯಿಲೆ ಬಿದ್ದು ಸಾಯುವ ಜೀವ. ಕಾಯಿಲೆ ದಾಟಿಸುವುದು ಉಣುಗು. ಎಳ್ಳುಕಾಳಿನಷ್ಟಿರುವ ಉಣುಗಿನ ಮರಿ, ಮಂಗ ಸತ್ತ ಮೇಲೆ ಅದರ ಮೈಯಿಂದ ಉದುರಿ ಆ ಜಾಗದಲ್ಲಿ ಹರಡುತ್ತದೆ. ಅಲ್ಲಿ ಓಡಾಡಿದವರಿಗೆ ಕಚ್ಚುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಬೇಹುಗಾರಿಕೆಯ ಮೊದಲ ಪಾಠ ಇಲ್ಲೇ ಇದೆ. ಕಂಡದ್ದು, ಕೇಳಿದ್ದು, ಊಹಿಸಿದ್ದು, ಇವು ಮೂರನ್ನೂ ಒಂದೇ ಚೀಲಕ್ಕೆ ಹಾಕಬಾರದು. ಹಾಕಿದರೆ ಎರಡು ಕಡೆ ನಷ್ಟ. ಊಹೆ ತಪ್ಪು ಎಂದು ಗೊತ್ತಾದ ದಿನ ಓದಿದವರು "ಹಳ್ಳಿಯವರ ಮೂಢನಂಬಿಕೆ" ಎಂದು ಕಂಡದ್ದನ್ನೂ ತಳ್ಳಿಹಾಕುತ್ತಾರೆ. ಕಂಡದ್ದು ಸರಿ ಎಂಬ ಧೈರ್ಯದಲ್ಲಿ ನಾವು ಊಹೆಯನ್ನೂ ನಂಬಿ ಪಾಪದ ಮಂಗಕ್ಕೆ ಕಲ್ಲು ಹೊಡೆಯುತ್ತೇವೆ.

ಬುದ್ಧಿವಂತರ ಊಹೆಯೂ ತಪ್ಪಾಯಿತು

ಬಂದ ವಿಜ್ಞಾನಿಗಳಿಗೂ ಒಂದು ಊಹೆ ಇತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸತ್ತರೆ ಅದು ಹಳದಿ ಜ್ವರದ ಸೂಚನೆ. ಸೊಳ್ಳೆಯಿಂದ ಹರಡುವ ಆ ಜ್ವರ ಭಾರತಕ್ಕೆ ಕಾಲಿಟ್ಟಿರಲಿಲ್ಲ. ಕಾಲಿಟ್ಟರೆ ದೊಡ್ಡ ಅನಾಹುತ. ಇಲ್ಲಿ ಹಳದಿ ಜ್ವರವೇ ಬಂದಿರಬಹುದು ಎಂಬ ಭಯದಲ್ಲಿಯೇ ಹುಡುಕಾಟ ಶುರುವಾಯಿತು.

ಅವರ ದೊಡ್ಡತನ ಎಂದರೆ, ಆ ಊಹೆಯನ್ನು ಹಿಡಿದುಕೊಂಡು ಕೂರಲಿಲ್ಲ. ಮಂಗದಿಂದ ಮಾದರಿ ತೆಗೆದರು, ಜ್ವರ ಬಂದವರ ರಕ್ತ ತೆಗೆದರು, ಕಾಡಿನ ಉಣುಗು ಹಿಡಿದರು. ಇಲಿಮರಿಗಳಿಗೆ ಚುಚ್ಚಿ ವೈರಸ್ ಬೆಳೆಸಿದರು. ಮಂಗದಲ್ಲಿ, ಮನುಷ್ಯರಲ್ಲಿ, ಉಣುಗಿನಲ್ಲಿ ಸಿಕ್ಕಿದ್ದು ಒಂದೇ ವೈರಸ್. ಅದು ಹಳದಿ ಜ್ವರದ್ದಲ್ಲ. ಜಗತ್ತು ಅದುವರೆಗೆ ಕಂಡಿರದ ಹೊಸ ವೈರಸ್. ಅದಕ್ಕೆ ನಮ್ಮೂರಿನ ಹೆಸರು ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ.

ಮೂರು ಬೇರೆ ಬೇರೆ ಕಡೆಯಿಂದ ಒಂದೇ ಉತ್ತರ ಬಂದರೆ ಮಾತ್ರ ನಂಬು ಎನ್ನುವ ನಿಯಮ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ಆ ಪುಸ್ತಕ ನೂರಾರು ವರ್ಷ ಕಣ್ಮರೆಯಾಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಜಗತ್ತಿನ ಹಳೆಯ ಗೂಢಚಾರ ಶಾಸ್ತ್ರಗಳಲ್ಲಿ ಒಂದು ಮತ್ತೆ ಬೆಳಕು ಕಂಡದ್ದು ನಮ್ಮ ನಾಡಿನಲ್ಲಿ.

ಅದರಲ್ಲಿ ವ್ಯಾಪಾರಿಯ ವೇಷದ, ಸನ್ಯಾಸಿಯ ವೇಷದ, ವಿದ್ಯಾರ್ಥಿಯ ವೇಷದ, ಬೇಸಾಯಗಾರನ ವೇಷದ ಚಾರರ ವಿವರ ಇದೆ. ಮುಖ್ಯವಾದ ಮಾತು ಎರಡು. ಮೂವರು ಹೇಳಿದ್ದು ತಾಳೆಯಾದರೆ ಸುದ್ದಿಯನ್ನು ನಂಬಬಹುದು. ಆದರೆ ಆ ಚಾರರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಬಾರದು. ಯಾಕೆಂದರೆ ಮೂವರೂ ಒಟ್ಟಿಗೆ ಕೂತು ಮಾತಾಡಿಕೊಂಡು ಬಂದರೆ ಅದು ಮೂರು ಸುದ್ದಿಯಲ್ಲ, ಒಂದೇ ಸುದ್ದಿ.

ಇದನ್ನು ನಮ್ಮ ಫೋನಿಗೆ ಹಚ್ಚಿ ನೋಡಿ. "ಶುಂಠಿ ರೇಟು ಮುಂದಿನ ತಿಂಗಳು ಡಬಲ್ ಆಗುತ್ತೆ" ಎಂದು ಮೂರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿದೆ ಎಂದುಕೊಳ್ಳಿ. ಮೂರರಲ್ಲೂ ಅದೇ ಅಕ್ಷರ, ಅದೇ ತಪ್ಪು ಕಾಗುಣಿತ. ಅದು ಮೂರು ಸಾಕ್ಷಿಯಲ್ಲ, ಒಬ್ಬನೇ ಬರೆದದ್ದು ಮೂರು ಸಲ ಬಂದಿದೆ. ಶಿರಾಳಕೊಪ್ಪದ ಮಂಡಿಯಲ್ಲಿ ಒಬ್ಬರನ್ನು, ಬೇರೆ ತಾಲ್ಲೂಕಿನ ಬೆಳೆಗಾರರೊಬ್ಬರನ್ನು, ಮಾಲು ಸಾಗಿಸುವ ಲಾರಿಯವರೊಬ್ಬರನ್ನು ಬೇರೆ ಬೇರೆಯಾಗಿ ಕೇಳಿದರೆ ಅದು ಮೂರು. ಹಿಂದಿನವರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂದಿದ್ದು ಇದಕ್ಕೇ.

ಸೈಬೀರಿಯಾದ ಹಕ್ಕಿ, ಗೂಢಚಾರರ ಗುಮಾನಿ

ಹೊಸ ವೈರಸ್ಸಿನ ಗುಣ ನೋಡಿದಾಗ ವಿಜ್ಞಾನಿಗಳಿಗೆ ಇನ್ನೊಂದು ಆಶ್ಚರ್ಯ. ಇದು ರಷ್ಯಾದ ಕಾಡಿನಲ್ಲಿ ಉಣುಗಿನಿಂದ ಬರುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ರಷ್ಯಾ ಎಲ್ಲಿ, ಸೊರಬ ಎಲ್ಲಿ? ಚಳಿಗಾಲದಲ್ಲಿ ಉತ್ತರದಿಂದ ಹಾರಿಬರುವ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ ಎಂಬ ಹೊಸ ಊಹೆ ಹುಟ್ಟಿತು.

ಅದನ್ನು ಪರೀಕ್ಷಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಅವರ ತಂಡ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸ ಶುರುಮಾಡಿತು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿತ್ತು. 1960ರ ದಶಕದಲ್ಲಿ ಅಮೆರಿಕದ ಸೇನೆಯ ಒಂದು ಸಂಶೋಧನಾ ಯೋಜನೆಯಿಂದ ಹಣ ಬರತೊಡಗಿತು. ಅಮೆರಿಕ, ರಷ್ಯಾ ಒಬ್ಬರ ಮೇಲೊಬ್ಬರು ಗೂಢಚಾರರನ್ನು ಬಿಟ್ಟಿದ್ದ ಕಾಲ ಅದು. ಸೇನೆಗೆ ಹಕ್ಕಿಯ ಚಿಂತೆ ಯಾಕೆ, ರೋಗಾಣುವನ್ನು ಆಯುಧ ಮಾಡುವ ತಯಾರಿಯೇ ಎಂಬ ಪ್ರಶ್ನೆ ಎದ್ದಿತು. 1970ರ ದಶಕದ ನಡುವಿಗೆ ಅದು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಗಿ, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೂ ಹೋಯಿತು. ಸಲೀಂ ಅಲಿ ಅವರಿಗೆ ಇದರಿಂದ ಬಹಳ ನೋವಾಯಿತು. ಇತ್ತ ವಲಸೆ ಹಕ್ಕಿಗಳೇ ಕ್ಯಾಸನೂರಿಗೆ ವೈರಸ್ ತಂದವು ಎಂಬುದೂ ಸಾಬೀತಾಗಲಿಲ್ಲ.

ಇಂಥ ಗುಮಾನಿ ನಮ್ಮಲ್ಲಿ ಮಾತ್ರ ಅಲ್ಲ. ರಷ್ಯಾದ ಆ ಉಣುಗಿನ ಕಾಯಿಲೆಯನ್ನು 1937ರಲ್ಲಿ ಪತ್ತೆಮಾಡಿದ ತಂಡದ ಮುಖ್ಯಸ್ಥ ಲೆವ್ ಜಿಲ್ಬರ್. ಕಾಡಿನಿಂದ ವಾಪಸು ಬಂದ ಮೇಲೆ ಅದೇ ವರ್ಷ ಸ್ಟಾಲಿನ್ನನ ಪೊಲೀಸರು ರೋಗ ಹರಡಲು ಸಂಚು ಮಾಡಿದ ಎಂದು ಆತನನ್ನೇ ಬಂಧಿಸಿದರು. ಕಾಯಿಲೆ ಹುಡುಕಿದವನೇ ಕಾಯಿಲೆ ಹರಡುವ ಗೂಢಚಾರ ಎನಿಸಿಕೊಂಡ.

ಇದರಲ್ಲಿ ಎರಡು ಕಡೆಯವರಿಗೂ ಪಾಠ ಇದೆ. ಮಾಹಿತಿ ಕೇಳುವವನು ತಾನು ಯಾರು, ಯಾರ ಹಣದಲ್ಲಿ ಬಂದಿದ್ದೇನೆ, ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟರೆ ಒಳ್ಳೆಯ ಕೆಲಸವೂ ಕಳ್ಳತನದಂತೆ ಕಾಣುತ್ತದೆ. ಕೇಳಿಸಿಕೊಳ್ಳುವ ನಾವೂ ಅದನ್ನು ಕೇಳಲು ನಾಚಬಾರದು. ಮನೆಗೆ ಸರ್ವೆಗೆ ಬಂದವರಿರಲಿ, ಆಧಾರ್ ನಂಬರ್ ಕೇಳಿ ಫೋನ್ ಮಾಡಿದವರಿರಲಿ, ಕೆಲಸ ಕೊಡಿಸುತ್ತೇನೆ, ಮುಂಗಡ ಹಣ ಹಾಕಿ ಎನ್ನುವವರಿರಲಿ, "ನೀವು ಯಾರ ಕಡೆಯವರು?" ಎಂಬ ಒಂದು ಪ್ರಶ್ನೆ ಎಷ್ಟೋ ನಷ್ಟ ತಪ್ಪಿಸುತ್ತದೆ.

ಶತ್ರು ಹೊರಗಿನಿಂದಲೇ ಬರಬೇಕಿಲ್ಲ

ಹಕ್ಕಿಯ ಊಹೆಯಲ್ಲಿ ಒಂದು ಆರಾಮವೂ ಇತ್ತು. ತಪ್ಪು ಎಲ್ಲೋ ದೂರದ ಸೈಬೀರಿಯಾದ್ದು, ನಮ್ಮದೇನಿಲ್ಲ ಎನ್ನಬಹುದಿತ್ತು. ಆದರೆ ಇಲ್ಲಿಗೆ ಬಂದು ಕೆಲಸ ಮಾಡಿದ ಕೊಲಂಬಿಯಾ ದೇಶದ ವಿಜ್ಞಾನಿ ಹೋರ್ಹೆ ಬೊಶೆಲ್ ಬೇರೆ ಪ್ರಶ್ನೆ ಕೇಳಿದರು. ಈ ಕಾಡಿನಲ್ಲಿ ಈಚೆಗೆ ಬದಲಾದದ್ದು ಏನು?

1969ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು ಕೊಟ್ಟ ಉತ್ತರ ನಮ್ಮ ಹಿತ್ತಲಿನದೇ. ಜನ ಹೆಚ್ಚಾದರು, ಕಾಡು ಕಡಿದು ಗದ್ದೆ ಮಾಡಿದರು, ಕಾಡಂಚಿನಲ್ಲಿ ದನ ಮೇಯುವುದು ಹೆಚ್ಚಿತು. ಬೆಳೆದ ಉಣುಗಿಗೆ ದನದ ರಕ್ತ ಹೇರಳವಾಗಿ ಸಿಕ್ಕಿತು, ಉಣುಗು ಹೆಚ್ಚಿತು. ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಸ್ ಮಂಗಕ್ಕೂ ಮನುಷ್ಯರಿಗೂ ದಾಟಲು ದಾರಿಯಾಯಿತು.

ಸೋತಾಗ ಮೊದಲು ಹೊರಗಿನವರನ್ನು ದೂರುವುದು ಸುಲಭ. ಬೆಳೆ ಕೆಟ್ಟರೆ ಬೀಜ ಮಾರಿದವ, ಪರೀಕ್ಷೆ ಕೆಟ್ಟರೆ ಪ್ರಶ್ನೆಪತ್ರಿಕೆ, ಅಂಗಡಿ ಮುಚ್ಚಿದರೆ ಎದುರಿನ ಅಂಗಡಿಯವ. ಕೆಲವು ಸಲ ನಿಜವೂ ಇರಬಹುದು. ಆದರೆ "ನನ್ನ ಕಡೆ ಬದಲಾದದ್ದು ಏನು?" ಎಂದು ಕೇಳದೆ ತನಿಖೆ ಮುಗಿಸಬಾರದು.

ನಿನ್ನೆಯ ಉತ್ತರ ಇವತ್ತಿಗೆ ಸಾಲದು

ರಷ್ಯಾದ ಕಾಯಿಲೆಗೆ ಇದು ಸಂಬಂಧಿ ತಾನೇ, ಅದರ ಲಸಿಕೆಯೇ ಇದಕ್ಕೂ ಆಗಬಹುದು ಎಂದು ಆರಂಭದಲ್ಲಿ ಅದನ್ನು ಇಲ್ಲಿನ ಜನಕ್ಕೆ ಕೊಟ್ಟು ನೋಡಿದರು. ಪ್ರಯೋಜನ ಆಗಲಿಲ್ಲ. ಅಣ್ಣನ ಮನೆ ಬೀಗದ ಕೈ ತಮ್ಮನ ಮನೆ ಬೀಗಕ್ಕೆ ಹತ್ತಲಿಲ್ಲ. ಮುಂದೆ ಇಲ್ಲಿನ ವೈರಸ್ಸಿಗೇ ಲಸಿಕೆ ಮಾಡಿ 1990ರಿಂದ ಹಳ್ಳಿಹಳ್ಳಿಗೆ ಹೋಗಿ ಹಾಕಿದರು. ನಮ್ಮ ಮನೆಗಳಲ್ಲಿ ಎಷ್ಟೋ ಜನ ತೋಳು ಹಿಡಿದುಕೊಂಡು ನರಳುತ್ತಾ ಹಾಕಿಸಿಕೊಂಡಿದ್ದಾರೆ. ವರ್ಷ ಕಳೆದಂತೆ ಅದರ ರಕ್ಷಣೆ ಸಾಲದು ಎಂದು ಕಂಡುಬಂತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ.

ಅಷ್ಟರಲ್ಲಿ ಕಾಯಿಲೆ ಕ್ಯಾಸನೂರು ಬಿಟ್ಟು ಬಹಳ ದೂರ ಹೋಗಿದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ದಾಟಿ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಸಾವು-ನೋವನ್ನು ಮಲೆನಾಡು ಇನ್ನೂ ಮರೆತಿಲ್ಲ. ಒಮ್ಮೆ ಸರಿ ಇದ್ದ ಮಾಹಿತಿ ಯಾವಾಗಲೂ ಸರಿ ಇರುತ್ತದೆ ಎಂದುಕೊಳ್ಳುವವನು ಬೇಹುಗಾರಿಕೆಯಲ್ಲಿ ಸೋಲುತ್ತಾನೆ. ಬೇಸಾಯದಲ್ಲೂ, ನೌಕರಿಯಲ್ಲೂ ಅಷ್ಟೇ.

ಮೊದಲ ಸುದ್ದಿ ತರುವವರು ಯಾರು?

1999ರ ಮೇ 3. ಕಾರ್ಗಿಲ್ ಕಡೆಯ ಗಾರ್ಕೋನ್ ಹಳ್ಳಿಯ ಕುರಿಗಾಹಿ ತಾಶಿ ನಾಮ್‌ಗ್ಯಾಲ್ ಕಳೆದುಹೋದ ತಮ್ಮ ಯಾಕ್ ಹುಡುಕುತ್ತಾ ಬೆಟ್ಟ ಹತ್ತಿದ್ದರು. ದೂರದಲ್ಲಿ ಅಪರಿಚಿತರು ಬಂಕರ್ ತೋಡುವುದು ಕಂಡಿತು. ಕೆಳಗಿಳಿದು ಬಂದು ಸೇನೆಗೆ ತಿಳಿಸಿದರು. ಕಾರ್ಗಿಲ್ ಯುದ್ಧದ ಮೊದಲ ಸುಳಿವುಗಳಲ್ಲಿ ಅದೂ ಒಂದು. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೊಳೆಯದೆ ಹೋದದ್ದು, ಯಾಕ್ ಹುಡುಕಲು ಹೋದವರ ಕಣ್ಣಿಗೆ ಬಿತ್ತು.

ಅಲ್ಲಿ ಯಾಕ್ ಹುಡುಕಿದವರು, ಇಲ್ಲಿ ದನ ಕಾಯುವ ಅಜ್ಜ. ವ್ಯತ್ಯಾಸ ಒಂದೇ. ಅಲ್ಲಿ ಕೇಳಿಸಿಕೊಂಡವರು ಎದ್ದು ಹೋಗಿ ನೋಡಿದರು. ನಾನು ಫೋಟೋ ಕೇಳಿದೆ.

ಇದನ್ನೆಲ್ಲ ಓದಿ ಕಲಿತ ಮೇಲೆ ನನ್ನ ಕೆಲಸದಲ್ಲಿ ಎರಡು ಬದಲಾವಣೆ ಮಾಡಿಕೊಂಡೆ. ನೋಟ್‌ಬುಕ್ಕಿನ ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಸುದ್ದಿ ಕಳಿಸುವ ಮೊದಲು ಯಾವ ಸಾಲು ಯಾವ ಭಾಗದಿಂದ ಬಂತು ಎಂದು ನೋಡುತ್ತೇನೆ. ಎಷ್ಟೋ ಸಲ ಮೊದಲ ಭಾಗ ಖಾಲಿ ಇರುತ್ತದೆ. ಆಗ ಬೈಕ್ ಹತ್ತಿ ಹೋಗಿ ನೋಡಿ ಬರುತ್ತೇನೆ. ನೀವು ಜಮೀನು ಕೊಳ್ಳುವಾಗ, ಶುಂಠಿಗೆ ಗದ್ದೆ ಹಿಡಿಯುವಾಗ, ಮಗಳನ್ನು ಕಾಲೇಜಿಗೆ ಸೇರಿಸುವಾಗ, ಬೆಂಗಳೂರಿನ ಕೆಲಸ ಒಪ್ಪುವಾಗ ಒಂದು ಹಾಳೆಯಲ್ಲಿ ಹೀಗೆ ಬರೆದು ನೋಡಿ. ಹತ್ತು ನಿಮಿಷದ ಕೆಲಸ.

ಎರಡನೆಯದು, ಸುದ್ದಿ ಕೊಟ್ಟವರಿಗೆ ತಿರುಗಿ ಹೇಳುವುದು. "ನೀವು ಹೇಳಿದ್ದನ್ನು ಇಂಥವರಿಗೆ ತಿಳಿಸಿದೆ, ಹೀಗಾಯಿತು" ಎಂದು. ಹೇಳಿದ್ದು ನೀರಿಗೆ ಬಿದ್ದ ಕಲ್ಲಾದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅದೇ ಅಜ್ಜ ಪಕ್ಕದ ಮನೆ ಹುಡುಗನ ಫೋನಿನಿಂದ ಕರೆ ಮಾಡಿದರು. "ಮತ್ತೊಂದು ಬಿದ್ದೈತಿ ತಮ್ಮಾ." ಫೋಟೋ ಕೇಳಲಿಲ್ಲ. ಜಾಗ ಕೇಳಿ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅರಣ್ಯ ಇಲಾಖೆಯ ಗಾರ್ಡ್‌ಗೆ ಫೋನ್ ಮಾಡಿದೆ. ಅವರು ಬಂದರು, ಮಂಗದ ಮಾದರಿ ತೆಗೆದರು, ಸುತ್ತ ಪುಡಿ ಹಾಕಿದರು, ಕೇರಿಯವರಿಗೆ ಆ ಕಡೆ ಹೋಗಬೇಡಿ ಎಂದು ಸಾರಿದರು. ಸಂಜೆ ಅಜ್ಜನಿಗೆ ತಿರುಗಿ ಫೋನ್ ಮಾಡಿ ಎಲ್ಲ ಹೇಳಿದೆ. ಆ ಸಲ ಆ ಕೇರಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಫೋನ್ ಮಾಡಿದ್ದರಿಂದಲೇ ಬರಲಿಲ್ಲ ಎಂದು ನಾನು ಹೇಳಲಾರೆ. ಅದು ಊಹೆ, ಮೂರನೇ ಭಾಗಕ್ಕೆ ಸೇರಿದ್ದು.

ಚಳಿಗಾಲದಿಂದ ಮಳೆ ಬೀಳುವವರೆಗೆ ಎಚ್ಚರದಿಂದಿರಿ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮೈಮೇಲೆ ಉಣುಗು ಇದೆಯೇ ನೋಡಿಕೊಳ್ಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಿಳಿಸಿ. ನಿಮಗೆ ಯಾರಾದರೂ ತಿಳಿಸಿದರೆ, ಅವರ ಕೈಯಲ್ಲಿ ಬಟನ್ ಫೋನ್ ಇದ್ದರೂ, ನಿಂತು ಕೇಳಿಸಿಕೊಳ್ಳಿ.